ಪದ ಬೇಕು, ಇವತ್ತೇ: ‘ಲೈನ್ ಎಂಡಿಂಗ್’

ನಮಸ್ಕಾರ. ಒಂದು ಟೆಕ್ಸ್ಟ್ ಎಡಿಟರಿನ ಮೆನು ಕನ್ನಡಕ್ಕೆ ತರುತ್ತಿದ್ದೇನೆ. ‘ಲೈನ್ ಎಂಡಿಂಗ್’ ಒಂದೇ ಬಾಕಿ. ಸಾಲು ಮುಗಿದಲ್ಲಿ ವಿಂಡೋಸ್ 13, 10 ಅಂತ ಎರಡು ಸಂಕೇತ ಇಡುತ್ತದೆ. ಲಿನಕ್ಸ್‌ಗೆ 10 ಸಾಕು, ಹಳೇ ಮ್ಯಾಕ್‌ಗೆ 13 ಮಾತ್ರ. ಇದಕ್ಕೆ ‘ಸಾಲುಕೊನೆ’ ಅಂತ ಬರೆದಿದ್ದೆ. ನಮ್ಮ ಸಾಗರದ ಕಡೆ ಕೊನೆ ಅಂದ್ರೆ ಅಡಿಕೆ ಕೊನೆ. ಅಪ್ಪನಿಗೆ ತೋರಿಸಿದರೆ “ಯಾವ ತೋಟದ್ದು?” ಅಂದರು. ರಾತ್ರಿಯೊಳಗೆ ಕಳಿಸಬೇಕು. ಜಾಗ ಚಿಕ್ಕದು, ಉದ್ದ ಪದ ಹಿಡಿಯಲ್ಲ.

ತೀರ್ಥಹಳ್ಳಿಯಿಂದ:
ಸಾಲಂಚು. ಲೋಪಸಂಧಿ, ಬಿಡಿಸಿ ಹೇಳಬೇಕಿಲ್ಲ. ಯಾರಾದರೂ ‘ಪಂಕ್ತ್ಯಂತ್ಯ’ ಅನ್ನುವ ಮೊದಲೇ ಹೇಳಿಬಿಟ್ಟೆ.

ಶಿವಮೊಗ್ಗದಿಂದ:
ಆಗದು. ಅಂಚು ಎರಡೂ ಕಡೆ ಇರುತ್ತದೆ, ಸೀರೆ ನೋಡಿ. ಪದ ಕಟ್ಟುವ ಮೊದಲು ಮೂಲಕ್ಕೆ ಹೋಗಬೇಕು. ಇಲ್ಲಿ ನಾನು ಟೈಪ್‌ರೈಟರಿನಲ್ಲಿ ಟೈಪಿಂಗ್ ಕಲಿಯುವಾಗ ಸಾಲು ಮುಗಿಯುವ ಹೊತ್ತಿಗೆ ‘ಟಿಣ್’ ಅನ್ನುತ್ತಿತ್ತು. ಎಡಗೈಯಲ್ಲಿ ಹಿಡಿ ತಳ್ಳಿದರೆ ರೋಲರ್ ತಿರುಗಿ ಕಾಗದ ಮೇಲೇರುತ್ತಿತ್ತು, ಜೊತೆಗೇ ಕಾಗದ ಹೊತ್ತ ಬಂಡಿ (ಕ್ಯಾರೇಜ್) ಬಲಕ್ಕೆ ಸರಿಯುತ್ತಿತ್ತು. ಒಂದೇ ತಳ್ಳಿಗೆ ಎರಡು ಕೆಲಸ. ತಂತಿಯಲ್ಲಿ ಬಂದ ಸುದ್ದಿ ಅಚ್ಚು ಮಾಡುವ ಟೆಲಿಪ್ರಿಂಟರಿನಲ್ಲಿ ಎರಡಕ್ಕೂ ಬೇರೆ ಬೇರೆ ಸಂಕೇತ. 13 ಅಂದರೆ ಬಂಡಿ ವಾಪಸ್, 10 ಅಂದರೆ ಕಾಗದ ಒಂದು ಸಾಲು ಮುಂದೆ. ವಿಂಡೋಸ್ ಇವತ್ತಿಗೂ ಆ ಬಂಡಿ ಎಳೆಯುತ್ತಿದೆ. ಹಾಗಾಗಿ ‘ಸಾಲುತಿರುವು’. ಬೇರೆ ಯಾವುದೂ ಸಲ್ಲದು.

ಹೊಸನಗರದಿಂದ:
ತಿರುವು ಅಂದ್ರೆ ಆಗುಂಬೆ ಘಾಟಿಯದು. ಸುಮ್ನೆ ‘ಲೈನ್ ಎಂಡಿಂಗ್’ ಅಂತಲೇ ಇಡಿ. ಕುರ್ಚಿ ಅರಬ್ಬಿಯಿಂದ ಬಂತು, ಅದಕ್ಕೆ ನಾವೇನು ನಿಂತೇ ಇದ್ದೇವಾ? ಅಕ್ಷರಗಳನ್ನು ಅಂಕಿಯಾಗಿ ಉಳಿಸುವ ಯುಟಿಎಫ್-8 ಪದ್ಧತಿಯಲ್ಲಿ ‘ಕ’ ಒಂದಕ್ಕೇ 3 ಬೈಟ್ ಜಾಗ ಬೇಕು. ಆ ಬೈಟ್‌ಗೆ ಇಲ್ಲಿ ಯಾರೂ ಕನ್ನಡ ಕೇಳಲಿಲ್ಲ, ಅಲ್ವಾ? ಅದಿರಲಿ, ಇಂಥ ಪದ್ಧತಿ ಆರಿಸುವ ಎನ್‌ಕೋಡಿಂಗ್‌ಗೆ ಏನು ಹಾಕಿದ್ದೀರಿ? ಜನ ಜಾಸ್ತಿ ಒದ್ದಾಡುವುದು ಅಲ್ಲೇ. ಸಾಲುಗುರುತು ತಪ್ಪಿದರೆ ಸಾಲುಗಳು ಅಂಟಿಕೊಳ್ಳುತ್ತವೆ, ಆದರೂ ಓದಬಹುದು. ನನ್ನ ಹಳೇ ಫಾಂಟಿನ ಕಡತ ಮೊನ್ನೆ ತೆರೆದರೆ ಬರೀ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ‘ಸಂಕೇತೀಕರಣ’ ಅಂತ ಬರೆದರೆ ಅದನ್ನು ಒತ್ತುವ ಧೈರ್ಯ ಯಾರಿಗಿದೆ?

ತೀರ್ಥಹಳ್ಳಿಯಿಂದ:
ಕುರ್ಚಿ ಕಥೆ ಸಾಕು. ಕುರ್ಚಿ ಹೆಸರಿನ ಜೊತೆಗೇ ಬಂತು. ಸಾಲು ನಮ್ಮಲ್ಲೇ ಇತ್ತು, ಅಂಚೂ ಇತ್ತು. ಇರುವುದನ್ನು ಬಿಟ್ಟು ಸಾಲ ಮಾಡುವುದು ಸೋಮಾರಿತನ.

ಹೊಸನಗರದಿಂದ:
‘ಲೋಪಸಂಧಿ’ ಯಾವ ಊರಿನ ಕನ್ನಡ ಸ್ವಾಮಿ?

ಶಿವಮೊಗ್ಗದಿಂದ:
ಸಂಧಿ ಬಿಡಿ. ಬಂಡಿಗೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ.

ಸಾಗರದಿಂದ:
ನಿಮ್ಮ ಜಗಳ ನಡೀಲಿ. ‘ಸಾಲುತಿರುವು’ ಹಾಕಿ ನೋಡಿದೆ, ‘ವು’ ಗುಂಡಿಯಿಂದ ಆಚೆ ಹೋಯಿತು. ‘ಸಾಲಂಚು’ ಹಿಡಿಯಿತು, ಕಳಿಸಿದೆ. ಎನ್‌ಕೋಡಿಂಗ್ ಹಾಗೇ ಇದೆ. ಅಪ್ಪನಿಗೆ ಇನ್ನೂ ತೋರಿಸಿಲ್ಲ.