ಗುಡುಗು ಮೋಡದಿಂದ ಗಾಮಾ ಕಿರಣ ಬರುವುದು ನಿಜವಾ?

ಪ್ರಶ್ನೆ: ನಮಸ್ಕಾರ ಸರ್. ಸಿಡಿಲಿನಿಂದ ಎಕ್ಸ್-ರೇ, ಗಾಮಾ ಕಿರಣ ಎಲ್ಲ ಬರುತ್ತವೆ ಅಂತ ಓದಿದೆ. ಸಿಡಿಲು ಅಷ್ಟೊಂದು ಬಿಸಿ ಇರುತ್ತದಲ್ಲ, ಅದಕ್ಕೇ ಇರಬೇಕಾ? ನನ್ನ ಮಗಳು ಕಿಟಕಿ ಹತ್ತಿರ ನಿಂತೇ ಮಿಂಚು ನೋಡುತ್ತಾಳೆ. ಹೆದರಬೇಕಾ?

ಉತ್ತರ: ನಮಸ್ಕಾರ. ಬರುವುದು ನಿಜ. ಆದರೆ ಬಿಸಿ ಅದಕ್ಕೆ ಕಾರಣ ಅಲ್ಲ. ಸಿಡಿಲು ಹಾಯುವ ದಾರಿಯ ಗಾಳಿ ಸುಮಾರು 30,000 ಡಿಗ್ರಿವರೆಗೆ ಕಾಯುತ್ತದೆ. ಅಷ್ಟು ಬಿಸಿಗೆ ಹುಟ್ಟುವುದು ಕಣ್ಣಿಗೆ ಕಾಣುವ ಬೆಳಕು, ಜೊತೆಗೆ ನೇರಳಾತೀತ ಕಿರಣ. ಗಾಮಾ ಕಿರಣಕ್ಕೆ ಅದರ ಲಕ್ಷಗಟ್ಟಲೆ ಪಟ್ಟು ಶಕ್ತಿ ಬೇಕು.

ಆ ಶಕ್ತಿ ಕೊಡುವುದು ಮೋಡದೊಳಗಿನ ವಿದ್ಯುತ್ ಕ್ಷೇತ್ರ, ಅಂದರೆ ಮೋಡದಲ್ಲಿ ಸೇರಿಕೊಂಡ ವಿದ್ಯುತ್ತು ಸುತ್ತಲಿನ ಕಣಗಳನ್ನು ತಳ್ಳುವ ಬಲ. ಗಾಳಿಯಲ್ಲಿ ಹೊರಟ ಎಲೆಕ್ಟ್ರಾನ್ ಸಾಮಾನ್ಯವಾಗಿ ಹೆಜ್ಜೆ ಹೆಜ್ಜೆಗೂ ಅಣುಗಳಿಗೆ ಡಿಕ್ಕಿ ಹೊಡೆದು ಸುಸ್ತಾಗುತ್ತದೆ. ಆದರೆ ಅದು ಮೊದಲೇ ಜೋರಾಗಿ ಓಡುತ್ತಿದ್ದರೆ ಗಾಳಿ ಅದನ್ನು ಅಷ್ಟಾಗಿ ತಡೆಯುವುದಿಲ್ಲ. ವೇಗ ಹೆಚ್ಚಿದಷ್ಟೂ ತಡೆ ಕಮ್ಮಿ! ಕ್ಷೇತ್ರದ ತಳ್ಳಾಟ ಒಮ್ಮೆ ಗೆದ್ದರೆ ಎಲೆಕ್ಟ್ರಾನ್ ಬೆಳಕಿನ ವೇಗದ ಹತ್ತಿರ ಹೋಗಿ ಮುಟ್ಟುತ್ತದೆ. ಭೌತವಿಜ್ಞಾನಿ ಸಿ.ಟಿ.ಆರ್. ವಿಲ್ಸನ್ 1925ರಲ್ಲೇ ಇದನ್ನು ಊಹಿಸಿದ್ದರು. ನನಗೆ ಇವತ್ತಿಗೂ ಬೆರಗು ಹುಟ್ಟಿಸುವ ಊಹೆ ಇದು.

ಮಗಳ ವಿಷಯದಲ್ಲಿ ಈ ಕಿರಣಗಳ ಚಿಂತೆ ಬೇಡ. ಇವು ಹೆಚ್ಚಾಗಿ ಹುಟ್ಟುವುದು ಕಿಲೋಮೀಟರ್‌ಗಟ್ಟಲೆ ಎತ್ತರದಲ್ಲಿ. ನೆಲ ಮುಟ್ಟುವ ಮೊದಲೇ ಗಾಳಿ ಅವನ್ನು ಹೀರಿಕೊಳ್ಳುತ್ತದೆ. ಅಪಾಯ ಇರುವುದು ಸಿಡಿಲಿನ ಕರೆಂಟಿನಲ್ಲಿ. ಕಿಟಕಿಯ ಕಬ್ಬಿಣದ ಸರಳು ಹಿಡಿದು ನಿಲ್ಲಲು ಮಾತ್ರ ಬಿಡಬೇಡಿ. ಸ್ವಲ್ಪ ಒಳಗೆ ನಿಂತು ನೋಡಲಿ.

ಪ್ರಶ್ನೆ: ತುಂಬಾ ಧನ್ಯವಾದ ಸರ್. ಮೊದಲೇ ಜೋರಾಗಿ ಓಡುವ ಎಲೆಕ್ಟ್ರಾನ್ ಬೇಕು ಅಂದಿರಿ. ಅದು ಎಲ್ಲಿಂದ ಬರುತ್ತದೆ?

ಉತ್ತರ: ಸರಿಯಾದ ಜಾಗಕ್ಕೇ ಕೈ ಹಾಕಿದ್ದೀರಿ. ಬಾಹ್ಯಾಕಾಶದಿಂದ ಕಾಸ್ಮಿಕ್ ಕಿರಣಗಳು, ಅಂದರೆ ಅತಿ ವೇಗದ ಕಣಗಳು, ಸದಾ ಬೀಳುತ್ತಲೇ ಇರುತ್ತವೆ. ಅವು ಗಾಳಿಗೆ ಬಡಿದಾಗ ಇಂಥ ಎಲೆಕ್ಟ್ರಾನ್‌ಗಳು ಹುಟ್ಟುತ್ತವೆ. ಮೋಡದ ಕ್ಷೇತ್ರಕ್ಕೆ ಅಂಥದೊಂದು ಸಿಕ್ಕರೂ ಸಾಕು. ಅದು ಗುದ್ದಿ ಇನ್ನೊಂದನ್ನು ಎಬ್ಬಿಸುತ್ತದೆ. ಒಂದು ಎರಡಾಗಿ, ಎರಡು ನಾಲ್ಕಾಗಿ ಹಿಂಡು ಬೆಳೆಯುತ್ತದೆ. ಈ ಎಲೆಕ್ಟ್ರಾನ್‌ಗಳು ಗಾಳಿಯ ಪರಮಾಣುಗಳ ಪಕ್ಕ ಹಾಯುವಾಗ ದಾರಿ ಬಾಗಿ, ವೇಗ ತಗ್ಗಿ, ಕಳೆದುಕೊಂಡ ಶಕ್ತಿಯನ್ನು ಗಾಮಾ ಕಿರಣವಾಗಿ ಬಿಡುತ್ತವೆ.

ಇದು ಎರಡು ಬಗೆಯಲ್ಲಿ ಕಾಣುತ್ತದೆ. ಒಂದು, ಒಂದು ಮಿಲಿಸೆಕೆಂಡ್ ಕೂಡ ಉಳಿಯದ ಸ್ಫೋಟದಂಥ ಮಿನುಗು. ಅಮೆರಿಕದ ಕಾಂಪ್ಟನ್ ಉಪಗ್ರಹ ದೂರದ ಆಕಾಶದ ಗಾಮಾ ಕಿರಣಗಳನ್ನು ಹುಡುಕುತ್ತಿತ್ತು. ನೋಡಿದರೆ ಕೆಲವು ಮಿನುಗುಗಳು ಕೆಳಗಿನ ಭೂಮಿಯಿಂದಲೇ ಬರುತ್ತಿದ್ದವು! ಅದು ಪ್ರಕಟವಾಗಿದ್ದು 1994ರಲ್ಲಿ. ಇನ್ನೊಂದು, ಮಂದವಾಗಿ ನಿಮಿಷಗಟ್ಟಲೆ ಉಳಿಯುವ ಹೊಳಪು. ನನಗೆ ಜಾಸ್ತಿ ಇಷ್ಟ ಇದೇ. ಉಪಕರಣದಲ್ಲಿ ಗಾಮಾ ಕಿರಣಗಳ ಎಣಿಕೆ ನಿಧಾನವಾಗಿ ಏರುತ್ತಾ ಹೋಗುತ್ತದೆ. ಹತ್ತಿರದಲ್ಲಿ ಒಂದು ಮಿಂಚು ಹೊಡೆದರೆ ಎಷ್ಟೋ ಸಲ ಆ ಹೊಳಪು ತಟ್ಟನೆ ನಿಂತೇಬಿಡುತ್ತದೆ. ಮಿಂಚು ಆ ಕ್ಷೇತ್ರವನ್ನೇ ಖಾಲಿ ಮಾಡಿರುತ್ತದೆ, ಅದಕ್ಕೆ. 2023ರಲ್ಲಿ ನಾಸಾದ ಇಆರ್-2 ವಿಮಾನ ಸುಮಾರು 20 ಕಿ.ಮೀ. ಎತ್ತರದಲ್ಲಿ ಹಾರಿ ಉಷ್ಣವಲಯದ ಮೋಡಗಳನ್ನು ಮೇಲಿನಿಂದ ನೋಡಿತು. ಈ ಹೊಳಪು ನಾವು ಅಂದುಕೊಂಡಿದ್ದಕ್ಕಿಂತ ಎಷ್ಟೋ ಸಾಮಾನ್ಯ ಅಂತ ಆಗ ತಿಳಿಯಿತು.

ಇನ್ನೊಬ್ಬ ಸದಸ್ಯರು: ಸರ್, ಹಾಗಾದರೆ ಸಿಡಿಲಿನಿಂದ ಗಾಳಿಯೇ ವಿಕಿರಣಶೀಲ ಆಗಬಹುದಾ? ಸುಮ್ನೆ ಕುತೂಹಲಕ್ಕೆ ಕೇಳಿದೆ.

ಉತ್ತರ: ಆಗುತ್ತದೆ ಮೇಡಂ, ಅಳೆದೂ ಇದ್ದಾರೆ. ಜಪಾನಿನ ಸಮುದ್ರ ತೀರದಲ್ಲಿ ಚಳಿಗಾಲದ ಗುಡುಗು ಮೋಡಗಳು ತುಂಬಾ ಕೆಳಗಿರುತ್ತವೆ. ಹಾಗಾಗಿ ಅಲ್ಲಿ ನೆಲದ ಮೇಲೆ ಇಟ್ಟ ಉಪಕರಣಕ್ಕೂ ಗಾಮಾ ಕಿರಣ ಸಿಗುತ್ತದೆ. 2017ರ ಫೆಬ್ರವರಿ 6ರಂದು ಕಾಶಿವಾಜಾಕಿಯಲ್ಲಿ ಒಂದು ಮಿಂಚು ಹೊಡೆದಾಗ ಮೊದಲು ಜೋರಾದ ಗಾಮಾ ಮಿನುಗು ಬಂತು. ಅದು ಮುಗಿದ ಮೇಲೂ ಸುಮಾರು ಒಂದು ನಿಮಿಷ ಇನ್ನೊಂದು ಸಂಕೇತ ಬರುತ್ತಲೇ ಇತ್ತು. ಅದರ ಶಕ್ತಿ ಸರಿಯಾಗಿ 5.11 ಲಕ್ಷ ಎಲೆಕ್ಟ್ರಾನ್ ವೋಲ್ಟ್ (ಕಣ, ಕಿರಣಗಳ ಶಕ್ತಿ ಅಳೆಯುವ ಮಾನ). ಈ ಸಂಖ್ಯೆ ನೋಡಿದ ಕೂಡಲೇ ನಮ್ಮ ಕೆಲಸದವರಿಗೆ ಗೊತ್ತಾಗುತ್ತದೆ: ಎಲೆಕ್ಟ್ರಾನ್ ಮತ್ತು ಅದರ ಪ್ರತಿಕಣ ಪಾಸಿಟ್ರಾನ್ ಸೇರಿ ಅಳಿದಾಗ ಬರುವ ಕಿರಣ ಇದು. ಅಂದರೆ ಗಾಮಾ ಕಿರಣ ಗಾಳಿಯ ನೈಟ್ರೋಜನ್‌ನಿಂದ ಒಂದು ನ್ಯೂಟ್ರಾನನ್ನು ಕಿತ್ತುಹಾಕಿತ್ತು. ಉಳಿದ ನೈಟ್ರೋಜನ್-13 ಪಾಸಿಟ್ರಾನ್ ಉಗುಳುತ್ತಾ ಕ್ಷಯಿಸುತ್ತಿತ್ತು. ಅದರ ಅರ್ಧಾಯುಷ್ಯ (ಅರ್ಧ ಭಾಗ ಕ್ಷಯಿಸಲು ಹಿಡಿಯುವ ಸಮಯ) ಬರೀ 10 ನಿಮಿಷ, ಹುಟ್ಟುವ ಪ್ರಮಾಣವೂ ತೀರಾ ಕಮ್ಮಿ. ಮಿಂಚೊಂದು ಬೈಜಿಕ ಕ್ರಿಯೆ ನಡೆಸುತ್ತದೆ ಅನ್ನುವುದೇ ದೊಡ್ಡ ಸಂಗತಿ, ಅಲ್ವಾ?

ಇನ್ನೊಬ್ಬರು: ವಿಮಾನದಲ್ಲಿ ಇರುವವರಿಗೆ ಅಪಾಯ ಇಲ್ಲವಾ?

ಉತ್ತರ: ಪೈಲಟ್‌ಗಳು ಗಾಳಿಯ ಹೊಡೆತಕ್ಕೂ ಆಲಿಕಲ್ಲಿಗೂ ಹೆದರಿ ಗುಡುಗು ಮೋಡವನ್ನು ಸುತ್ತು ಹಾಕಿಯೇ ಹೋಗುತ್ತಾರೆ. ಆ ದೂರವೇ ಇದರಿಂದಲೂ ಕಾಪಾಡುತ್ತದೆ.

ಮೊದಲ ಪ್ರಶ್ನೆ ಕೇಳಿದವರು: ಕೊನೆಯದು ಸರ್, ಮಗಳದ್ದೇ ಪ್ರಶ್ನೆ. ಮೋಡದಲ್ಲಿ ಎಷ್ಟು ವೋಲ್ಟ್ ಇರುತ್ತದೆ?

ಉತ್ತರ: ಕಾಸ್ಮಿಕ್ ಕಿರಣ ಅಳೆಯುವ ಊಟಿಯ ಗ್ರೇಪ್ಸ್-3 ಪ್ರಯೋಗದವರು 2014ರ ಡಿಸೆಂಬರ್ 1ರ ಒಂದು ಮೋಡದಲ್ಲಿ ಸುಮಾರು 130 ಕೋಟಿ ವೋಲ್ಟ್ ಲೆಕ್ಕ ಹಾಕಿದ್ದಾರೆ. ಮೋಡದೊಳಗೆ ಅವರು ಏನನ್ನೂ ಕಳಿಸಲಿಲ್ಲ. ಕಾಸ್ಮಿಕ್ ಕಿರಣಗಳಿಂದ ಹುಟ್ಟುವ ಮ್ಯುವಾನ್ ಅನ್ನುವ ಕಣಗಳು ಆ ಮೋಡ ದಾಟಿ ಬರುವಾಗ ಎಷ್ಟು ಕಮ್ಮಿಯಾದವು ಅಂತ ನೆಲದಲ್ಲೇ ಕೂತು ಎಣಿಸಿದರು. ಕಮ್ಮಿಯಾಗಿದ್ದು ನೂರಕ್ಕೆ ಸುಮಾರು 2. ಅಷ್ಟರಿಂದಲೇ ಮೋಡದ ವೋಲ್ಟೇಜ್ ಸಿಕ್ಕಿತು ಅಂತ ಮಗಳಿಗೆ ಹೇಳಿ.