ಸಹಾಯ ಬೇಕು: ರಜೆಯಲ್ಲಿ ಮಧುಮೇಹದ ಬೆಕ್ಕಿನ ಇನ್ಸುಲಿನ್

ನಮ್ಮ ಬೆಕ್ಕಿಗೆ ಮಧುಮೇಹವಿದ್ದು, 12 ಗಂಟೆಗಳ ಅಂತರದಲ್ಲಿ ದಿನಕ್ಕೆರಡು ಬಾರಿ, ಊಟವಾದ ಮೇಲೆ ಇನ್ಸುಲಿನ್ ಕೊಡುತ್ತೇವೆ. ರಜೆಯಲ್ಲಿ ನಾವಿಲ್ಲದಿರುವಾಗ ಸ್ನೇಹಿತೆಯೊಬ್ಬರು ನೋಡಿಕೊಳ್ಳಲು ಒಪ್ಪಿದ್ದಾರೆ. ಬಾಟಲಿಯನ್ನು ಫ್ರಿಜ್‌ನಲ್ಲಿಡುವುದು, ಯು-40 (ಮಿಲಿಲೀಟರಿಗೆ 40 ಯೂನಿಟ್ ಇರುವ) ಇನ್ಸುಲಿನ್‌ಗೆ ಯು-40 ಸಿರಿಂಜನ್ನೇ ಬಳಸುವುದು, ಚರ್ಮವನ್ನು ಮೆಲ್ಲನೆ ಎತ್ತಿ ಹಿಡಿದು ಸೂಜಿ ಚುಚ್ಚುವುದು, ಎಲ್ಲವನ್ನೂ ಅವರಿಗೆ ಮಾಡಿ ತೋರಿಸಿದ್ದೇವೆ. ಆದರೆ ಅವರು ಊಟವಿಟ್ಟರೆ ಬೆಕ್ಕು ಬಟ್ಟಲನ್ನು ಮೂಸಿ ಹಿಂದೆ ಸರಿಯುತ್ತದೆ. ಕಾರ್ಬೋಹೈಡ್ರೇಟ್ ಕಡಿಮೆಯಿರುವ ವೆಟ್ ಫುಡ್ಡನ್ನು ತುಸು ಬೆಚ್ಚಗೆ ಮಾಡಿಟ್ಟರೂ ಅರ್ಧ ಬಿಡುತ್ತದೆ. ಹೊಟ್ಟೆಗಿಲ್ಲದೆ ಪೂರ್ತಿ ಡೋಸ್ ಬಿದ್ದರೆ ರಕ್ತದ ಸಕ್ಕರೆ ಅಪಾಯಕರವಾಗಿ ಕುಸಿಯಬಹುದೆಂಬ ಭಯ ನಮಗೆ ತುಂಬಾ ಇದೆ. ಏನೂ ತಿನ್ನದಿದ್ದರೆ ಚುಚ್ಚದೆ ಪಶುವೈದ್ಯರಿಗೆ ಕರೆ ಮಾಡಿ ಎಂದು ಬರೆದಿಟ್ಟಿದ್ದೇವೆ.

ಅರ್ಧ ಮಾತ್ರ ತಿಂದಾಗ ಡೋಸ್ ಇಳಿಸಬೇಕೇ, ಬಿಡಬೇಕೇ? ಇದೇ ಪರಿಸ್ಥಿತಿಗೆ ನಿಮ್ಮ ಪಶುವೈದ್ಯರು ಏನು ಹೇಳಿದ್ದರು?