ನೋ ಸರ್ಪ್ರೈಸಸ್ ಕಾಯ್ದೆ: ಒಪ್ಪಿಗೆ ಪತ್ರವನ್ನು ಆಪರೇಷನ್ ದಿನ ಪಡೆದರೆ ಸಾಕೇ?

ತುಂಗಾತೀರ (ಪ್ಲೇನೋ, ಟೆಕ್ಸಾಸ್):

ಎಲ್ಲರಿಗೂ ನಮಸ್ಕಾರ. ಡಲ್ಲಾಸ್ ಬಳಿ ಇಬ್ಬರು ಮೂಳೆ ಶಸ್ತ್ರಚಿಕಿತ್ಸಕರಿರುವ ಒಂದು ಸಣ್ಣ ಕ್ಲಿನಿಕ್ಕಿನ ಆಡಳಿತವನ್ನು ಇತ್ತೀಚೆಗೆ ವಹಿಸಿಕೊಂಡಿದ್ದೇನೆ. ನಮ್ಮ ವೈದ್ಯರು ಆಪರೇಷನ್ ಮಾಡುವುದು ಹೊರಗಿನ ಒಂದು ಶಸ್ತ್ರಚಿಕಿತ್ಸಾ ಕೇಂದ್ರದಲ್ಲಿ. ಆ ಕೇಂದ್ರವು ಬಹುತೇಕ ಎಲ್ಲ ವಿಮಾ ಕಂಪನಿಗಳ ನೆಟ್‌ವರ್ಕ್‌ನಲ್ಲಿದೆ, ಅಂದರೆ ಅವುಗಳೊಂದಿಗೆ ದರದ ಒಪ್ಪಂದ ಮಾಡಿಕೊಂಡಿದೆ. ಆದರೆ ನಮ್ಮ ವೈದ್ಯರು ಅವುಗಳಲ್ಲಿ ಕೆಲವಕ್ಕೆ ಮಾತ್ರ ಸೇರಿದ್ದಾರೆ. ಕ್ಲೈಮ್ ಕಳುಹಿಸುವುದು, ವಿಮಾ ಕಂಪನಿಯೊಂದಿಗೆ ಪತ್ರವ್ಯವಹಾರ ನಡೆಸುವುದು, ರೋಗಿಗೆ ಬಿಲ್ ಹೊರಡಿಸುವುದು ಇವೆಲ್ಲವನ್ನೂ ಬೆಂಗಳೂರಿನ ಒಂದು ತಂಡ ನೋಡಿಕೊಳ್ಳುತ್ತದೆ.

ನಾನು ಬಂದಾಗಿನಿಂದ ಕಾಣುತ್ತಿರುವುದೇನೆಂದರೆ, ಆಪರೇಷನ್ ದಿನ ಬೆಳಿಗ್ಗೆ ರೋಗಿ ಸಹಿ ಮಾಡುವ ಹತ್ತಾರು ಹಾಳೆಗಳ ನಡುವೆ, ‘ನೆಟ್‌ವರ್ಕ್ ಹೊರಗಿನ ದರ ಕೊಡಲು ನನ್ನ ಒಪ್ಪಿಗೆ ಇದೆ’ ಎಂಬ ಹಾಳೆಯೂ ಸೇರಿರುತ್ತದೆ. 2022ರ ಜನವರಿ 1ರಿಂದ ಜಾರಿಯಲ್ಲಿರುವ, ನೆಟ್‌ವರ್ಕ್ ಹೊರಗಿನ ಅನಿರೀಕ್ಷಿತ ಬಿಲ್‌ಗಳಿಂದ ರೋಗಿಯನ್ನು ಕಾಪಾಡುವ ಅಮೆರಿಕದ ಒಕ್ಕೂಟ ಸರ್ಕಾರದ ‘ನೋ ಸರ್ಪ್ರೈಸಸ್’ ಕಾಯ್ದೆಯನ್ನು ಓದಿದ ಮೇಲೆ ಈ ಪದ್ಧತಿ ಸರಿಯೇ ಎಂಬ ಅನುಮಾನ ಬಲವಾಗಿದೆ. ಅರಿವಳಿಕೆ ತಜ್ಞರಿಗೂ ಇದೇ ಹಾಳೆಯಲ್ಲಿ ಒಪ್ಪಿಗೆ ಪಡೆಯಲಾಗುತ್ತಿದೆ. ಊರಿನಿಂದ ಮಕ್ಕಳ ಮನೆಗೆ ಬಂದಿರುವ ಹಿರಿಯರು ಮಂಡಿನೋವಿಗೆಂದು ನಮ್ಮಲ್ಲಿಗೆ ಬರುವುದುಂಟು. ಅವರ ಬಳಿ ಪ್ರವಾಸಿ ವಿಮೆ ಮಾತ್ರ ಇರುತ್ತದೆ. ಅವರಿಗೆ ಖರ್ಚಿನ ಅಂದಾಜನ್ನು ಬರಹದಲ್ಲಿ ಕೊಡಬೇಕೇ? ಈ ಕೆಲಸವನ್ನು ಬಲ್ಲವರು ದಯವಿಟ್ಟು ತಿಳಿಸಿ.

ನೇಸರ (ಹ್ಯೂಸ್ಟನ್, ವೈದ್ಯಕೀಯ ನಿಯಮಪಾಲನೆ ವಿಭಾಗ):

ನಮಸ್ಕಾರ ತುಂಗಾತೀರ ಅವರೇ. ನಿಮ್ಮ ಅನುಮಾನ ಸರಿಯಾಗಿದೆ. ಆ ಹಾಳೆಗೆ ಕಾನೂನಿನ ಮುಂದೆ ಬೆಲೆಯಿಲ್ಲ. ಭೇಟಿಯನ್ನು ಕನಿಷ್ಠ 72 ಗಂಟೆ ಮೊದಲೇ ಗೊತ್ತು ಮಾಡಿದ್ದರೆ, ಸೂಚನೆಯೂ ಒಪ್ಪಿಗೆ ಪತ್ರವೂ ರೋಗಿಯ ಕೈಗೆ 72 ಗಂಟೆ ಮೊದಲೇ ಸೇರಿರಬೇಕು. ಅದಕ್ಕಿಂತ ಕಡಿಮೆ ಅವಧಿಯಲ್ಲಿ ಗೊತ್ತಾದ ಭೇಟಿಗೆ, ಗೊತ್ತು ಮಾಡಿದ ದಿನವೇ ಕೊಡಬೇಕು; ಅದೇ ದಿನ ಸೇವೆ ನೀಡುವುದಾದರೆ ಕನಿಷ್ಠ 3 ಗಂಟೆ ಮೊದಲು. ಎರಡು ವಾರ ಮುಂಚೆ ನಿಗದಿಯಾದ ಮಂಡಿ ಶಸ್ತ್ರಚಿಕಿತ್ಸೆಗೆ ಆ ಬೆಳಿಗ್ಗೆ ಸಹಿ ಪಡೆಯುವುದು ಇವುಗಳಲ್ಲಿ ಯಾವುದಕ್ಕೂ ಹೊಂದುವುದಿಲ್ಲ. ಇದಲ್ಲದೆ, ಆ ಪತ್ರ ಆರೋಗ್ಯ ಇಲಾಖೆ ನಿಗದಿಪಡಿಸಿದ ನಮೂನೆಯಲ್ಲೇ ಇರಬೇಕು, ಅಂದಾಜು ಮೊತ್ತವನ್ನು ಕಾಣಿಸಬೇಕು, ಬೇರೆ ಯಾವ ದಾಖಲೆಗೂ ಲಗತ್ತಾಗದೆ ಪ್ರತ್ಯೇಕವಾಗಿರಬೇಕು. ಸಹಿಯಾದ ಪ್ರತಿಯನ್ನು ರೋಗಿಗೆ ಕೊಟ್ಟು, ಒಪ್ಪಿಗೆ ದೊರೆತಿದೆ ಎಂದು ವಿಮಾ ಕಂಪನಿಗೂ ತಿಳಿಸಿ, 7 ವರ್ಷ ಕಾಪಾಡಬೇಕು.

ಅರಿವಳಿಕೆ ತಜ್ಞರ ವಿಷಯದಲ್ಲಿ ಹೊತ್ತಿನ ಪ್ರಶ್ನೆಯೇ ಏಳುವುದಿಲ್ಲ. ತುರ್ತು ಚಿಕಿತ್ಸೆ, ಅರಿವಳಿಕೆ, ರೋಗನಿದಾನ ಶಾಸ್ತ್ರ, ರೇಡಿಯಾಲಜಿ, ನವಜಾತ ಶಿಶುಗಳ ಆರೈಕೆ, ಸಹಾಯಕ ಶಸ್ತ್ರಚಿಕಿತ್ಸಕರ ಸೇವೆ ಇಂಥವುಗಳಿಗೆ, ಕೇಂದ್ರವು ನೆಟ್‌ವರ್ಕ್‌ನಲ್ಲಿರುವಾಗ, ರೋಗಿ ತನ್ನ ರಕ್ಷಣೆಯನ್ನು ಬಿಟ್ಟುಕೊಡುವಂತೆ ಕೇಳಲು ಅವಕಾಶವೇ ಇಲ್ಲ. ಕಾರಣ ಸ್ಪಷ್ಟ: ಆ ತಜ್ಞರನ್ನು ರೋಗಿ ಆರಿಸಿಕೊಳ್ಳುವುದಿಲ್ಲ, ಎಷ್ಟೋ ಬಾರಿ ಅವರ ಮುಖವನ್ನೂ ನೋಡಿರುವುದಿಲ್ಲ. ಅಲ್ಲಿ ಬೇರೆ ನೆಟ್‌ವರ್ಕ್ ವೈದ್ಯರು ಲಭ್ಯವಿಲ್ಲದಿದ್ದರೂ, ಆಪರೇಷನ್ ನಡುವೆ ಅನಿರೀಕ್ಷಿತ ತುರ್ತು ಎದುರಾದರೂ ಒಪ್ಪಿಗೆ ಪತ್ರ ನಡೆಯುವುದಿಲ್ಲ. ಇಂಥ ಸೇವೆಗಳಿಗೆ ರೋಗಿಯಿಂದ ಪಡೆಯಬಹುದಾದದ್ದು ನೆಟ್‌ವರ್ಕ್ ಒಳಗಿನ ಪಾಲು ಮಾತ್ರ. ಉಳಿದದ್ದು ಕ್ಲಿನಿಕ್ ಮತ್ತು ವಿಮಾ ಕಂಪನಿಯ ನಡುವಿನ ಲೆಕ್ಕ.

ಟೆಕ್ಸಾಸ್‌ನಲ್ಲಿ ಇನ್ನೊಂದು ಪದರವಿದೆ, ಇದನ್ನು ಹೊಸಬರು ಬಹಳ ಕಡೆಗಣಿಸುತ್ತಾರೆ. ಇಂಥದೇ ಬಿಲ್‌ಗಳನ್ನು ತಡೆಯುವ ರಾಜ್ಯದ ಎಸ್‌ಬಿ 1264 ಕಾಯ್ದೆ 2020ರ ಜನವರಿ 1ರಿಂದಲೇ ಇದೆ. ವಿಮಾ ಕಾರ್ಡಿನ ಮೇಲೆ ‘ಟಿಡಿಐ’ (ಟೆಕ್ಸಾಸ್ ವಿಮಾ ಇಲಾಖೆ) ಅಥವಾ ‘ಡಿಒಐ’ (ವಿಮಾ ಇಲಾಖೆ) ಎಂಬ ಅಕ್ಷರಗಳಿದ್ದರೆ ಅದು ರಾಜ್ಯದ ನಿಯಂತ್ರಣದಲ್ಲಿರುವ ವಿಮೆ. ಅದರ ಪಾವತಿ ವಿವಾದ ರಾಜ್ಯದ ದಾರಿಯಲ್ಲಿ ಸಾಗುತ್ತದೆ ಮತ್ತು ಒಪ್ಪಿಗೆಗೂ ರಾಜ್ಯದ್ದೇ ಪ್ರತ್ಯೇಕ ನಮೂನೆ, ಷರತ್ತುಗಳಿವೆ. ದೊಡ್ಡ ಉದ್ಯೋಗದಾತರು ಸ್ವಂತ ಹಣದಿಂದ ನಡೆಸುವ ವಿಮಾ ಯೋಜನೆಗಳು ಒಕ್ಕೂಟದ ಕಾಯ್ದೆಗೆ ಒಳಪಡುತ್ತವೆ. ಆದ್ದರಿಂದ ಸ್ವಾಗತ ಮೇಜಿನ ಸಿಬ್ಬಂದಿ ಕಾರ್ಡಿನ ಎರಡೂ ಬದಿಗಳನ್ನು ಸ್ಕ್ಯಾನ್ ಮಾಡಿ ಸುಮ್ಮನಾಗದೆ, ಭೇಟಿ ಗೊತ್ತು ಮಾಡುವಾಗಲೇ ಆ ಅಕ್ಷರಗಳನ್ನು ನೋಡಿ ದಾಖಲಿಸಬೇಕು. ಈ ಕಾಯ್ದೆಯ ಪಾಲನೆ ನಿರ್ಧಾರವಾಗುವುದು ಬಿಲ್ ಮಾಡುವ ಮೇಜಿನಲ್ಲಲ್ಲ, ರೋಗಿಯ ಮೊದಲ ಫೋನ್ ಕರೆಯಲ್ಲಿ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಪ್ರವಾಸಿ ವಿಮೆಯ ಹಿರಿಯರ ಬಗ್ಗೆ: ಅಂಥ ಪಾಲಿಸಿಗಳು ಸಾಮಾನ್ಯವಾಗಿ ಈ ಕಾಯ್ದೆ ಹೇಳುವ ಆರೋಗ್ಯ ವಿಮೆಯ ವ್ಯಾಪ್ತಿಗೆ ಬರುವುದಿಲ್ಲ. ಆದ್ದರಿಂದ ಅವರನ್ನು ವಿಮೆಯಿಲ್ಲದವರೆಂದೇ ಎಣಿಸಿ ಲಿಖಿತ ಅಂದಾಜು ಕೊಡಿ. 3 ಕೆಲಸದ ದಿನಗಳಿಗೆ ಮೊದಲು ಗೊತ್ತಾದ ಭೇಟಿಗೆ ಮರುದಿನದ ಕೆಲಸದ ದಿನದೊಳಗೆ, 10 ಕೆಲಸದ ದಿನಗಳಿಗೆ ಮೊದಲು ಗೊತ್ತಾದದ್ದಕ್ಕೆ 3 ಕೆಲಸದ ದಿನಗಳೊಳಗೆ, ಕೇವಲ ವಿಚಾರಿಸಿದವರಿಗೂ 3 ಕೆಲಸದ ದಿನಗಳೊಳಗೆ ಅದು ತಲುಪಬೇಕು. ಬಿಲ್ ಅಂದಾಜಿಗಿಂತ 400 ಡಾಲರ್ ಅಥವಾ ಅದಕ್ಕಿಂತ ಹೆಚ್ಚಾದರೆ ರೋಗಿ 120 ದಿನಗಳೊಳಗೆ 25 ಡಾಲರ್ ಶುಲ್ಕ ಕಟ್ಟಿ ವಿವಾದ ಹೂಡಬಹುದು. ತಿಂಗಳುಗಟ್ಟಲೆ ನಡೆಯುವ ಚುಚ್ಚುಮದ್ದು, ವ್ಯಾಯಾಮ ಚಿಕಿತ್ಸೆಗಳಿಗೆ 12 ತಿಂಗಳವರೆಗಿನ ಒಂದೇ ಅಂದಾಜು ಸಾಕು.

ಮಲ್ಲೇಶ್ವರದ_ಮಳೆ (ಬೆಂಗಳೂರು, ಬಿಲ್ಲಿಂಗ್ ತಂಡದ ಮುಖ್ಯಸ್ಥೆ):

ನೇಸರ ಸರ್ ಹೇಳಿದ್ದು ಪೂರ್ತಿ ಸರಿ. ಆದರೆ ಬಿಲ್ ಮಾಡುವ ಮೇಜಿಗೂ ದೊಡ್ಡ ಹೊಣೆಯಿದೆ ಎಂದು ಸೇರಿಸಲು ಬಯಸುತ್ತೇನೆ, ಏಕೆಂದರೆ ತಪ್ಪು ಬಿಲ್ ರೋಗಿಯ ಮನೆ ಸೇರುವುದು ನಮ್ಮ ಕೈಯಿಂದಲೇ. ನೆಟ್‌ವರ್ಕ್ ಒಳಗಿನ ಕೇಂದ್ರದಲ್ಲಿ ನೆಟ್‌ವರ್ಕ್ ಹೊರಗಿನ ವೈದ್ಯರು ನೀಡಿದ ಸೇವೆಯ ಕ್ಲೈಮ್‌ಗಳನ್ನು ಪ್ರತ್ಯೇಕ ಸಾಲಿನಲ್ಲಿ ನಿಲ್ಲಿಸಿ, ರೋಗಿಯ ಪಾಲು ಎಷ್ಟೆಂದು ವಿಮಾ ಕಂಪನಿ ತಿಳಿಸುವವರೆಗೆ ಯಾವ ಸ್ಟೇಟ್‌ಮೆಂಟೂ ತಾನಾಗಿ ಹೊರಡದಂತೆ ಸಾಫ್ಟ್‌ವೇರ್‌ನಲ್ಲಿ ತಡೆ ಹಾಕಿಸಿ. ಮಾನ್ಯವಾದ ಒಪ್ಪಿಗೆ ಪತ್ರದ ಪ್ರತಿ ಕಡತದಲ್ಲಿ ಕಾಣದಿದ್ದರೆ ನಾವು ಬಾಕಿ ಮೊತ್ತವನ್ನು ರೋಗಿಯ ಖಾತೆಗೆ ದಾಟಿಸುವುದೇ ಇಲ್ಲ.

ಎರಡನೆಯದು ಗಡುವುಗಳು. ವಿಮಾ ಕಂಪನಿ 30 ದಿನಗಳೊಳಗೆ ಮೊದಲ ಪಾವತಿ ಮಾಡಬೇಕು ಅಥವಾ ನಿರಾಕರಣೆ ತಿಳಿಸಬೇಕು. ಆ ಮೊತ್ತ ಸಾಲದೆನಿಸಿದರೆ 30 ಕೆಲಸದ ದಿನಗಳೊಳಗೆ ನಿಗದಿತ ನಮೂನೆಯಲ್ಲಿ ಮುಕ್ತ ಮಾತುಕತೆಯ ಸೂಚನೆ ಕಳುಹಿಸಬೇಕು. ಮಾತುಕತೆಗೆ 30 ಕೆಲಸದ ದಿನ. ಅದು ಮುರಿದುಬಿದ್ದರೆ, ಒಕ್ಕೂಟದ ಮಧ್ಯಸ್ಥಿಕೆಯನ್ನು ಆರಂಭಿಸಲು ಸಿಗುವುದು ಕೇವಲ 4 ಕೆಲಸದ ದಿನಗಳ ಕಿಂಡಿ. ಅತಿ ಹೆಚ್ಚು ಹಣ ಕೈಬಿಟ್ಟು ಹೋಗುವುದು ಇಲ್ಲಿಯೇ. ‘ಕೆಲಸದ ದಿನ’ ಎಂದರೆ ಅಮೆರಿಕದ ಸೋಮವಾರದಿಂದ ಶುಕ್ರವಾರ, ಅಲ್ಲಿನ ಸರ್ಕಾರಿ ರಜೆಗಳನ್ನು ಬಿಟ್ಟು. ನಮ್ಮ ಯುಗಾದಿಗೂ ಆಯುಧಪೂಜೆಗೂ ಗಡುವು ನಿಲ್ಲುವುದಿಲ್ಲ. ಹಬ್ಬದ ವಾರದಲ್ಲಿ ಯಾರು ಕಡತ ನೋಡುತ್ತಾರೆ ಎಂಬುದನ್ನು ನಿಮ್ಮ ಬೆಂಗಳೂರಿನ ತಂಡದಿಂದ ಮೊದಲೇ ಬರಹದಲ್ಲಿ ಪಡೆಯಿರಿ. ಟಿಡಿಐ ಕಾರ್ಡುಗಳ ಗಡುವುಗಳು ಬೇರೆಯಾದ್ದರಿಂದ ಎರಡನ್ನೂ ಒಂದೇ ಪಟ್ಟಿಯಲ್ಲಿ ಇಡಬೇಡಿ.

ಹೊಯ್ಸಳನಾಡು (ಆಸ್ಟಿನ್, ಶಸ್ತ್ರಚಿಕಿತ್ಸಕ):

ವೈದ್ಯನ ಕಡೆಯಿಂದ ಒಂದು ಮಾತು. ಮಧ್ಯಸ್ಥಿಕೆಯ ದಾರಿ ತೆರೆದಿದೆ ಎಂದ ಮಾತ್ರಕ್ಕೆ ಪ್ರತಿ ಕ್ಲೈಮ್‌ಗೂ ಅದನ್ನು ಹಿಡಿಯುವುದು ವಿವೇಕವಲ್ಲ. 2024ರ ಜನವರಿ ಕೊನೆಯ ವಾರಗಳಿಂದ ಆಡಳಿತ ಶುಲ್ಕವನ್ನು ಎರಡೂ ಕಡೆಯವರಿಗೆ ತಲಾ 115 ಡಾಲರ್ ಎಂದು ನಿಗದಿಪಡಿಸಲಾಯಿತು. ಇದರ ಮೇಲೆ ಮಧ್ಯಸ್ಥರ ಶುಲ್ಕವಿದೆ, ಅದನ್ನು ಸೋತವರು ಭರಿಸಬೇಕು. ಮಧ್ಯಸ್ಥರು ಎರಡೂ ಕಡೆಯವರು ಮುಂದಿಟ್ಟ ಮೊತ್ತಗಳ ನಡುವೆ ರಾಜಿ ಮಾಡಿಸುವುದಿಲ್ಲ. ಎರಡರಲ್ಲಿ ಒಂದನ್ನು ಇದ್ದಂತೆಯೇ ಆರಿಸುತ್ತಾರೆ. ವಿಮಾ ಕಂಪನಿ ತನ್ನ ಒಪ್ಪಂದ ದರಗಳ ಮಧ್ಯಾಂಕವನ್ನು (ದರಗಳನ್ನು ಸಾಲಾಗಿ ಜೋಡಿಸಿದಾಗ ನಟ್ಟನಡುವೆ ಬರುವುದನ್ನು) ಮುಂದಿಡುತ್ತದೆ. ಆ ಮಧ್ಯಾಂಕಕ್ಕೆ ಮಧ್ಯಸ್ಥರು ಹೆಚ್ಚಿನ ತೂಕ ಕೊಡಬೇಕೆಂದು ಸರ್ಕಾರ ಮಾಡಿದ್ದ ನಿಯಮವನ್ನು, ಟೆಕ್ಸಾಸ್ ಮೆಡಿಕಲ್ ಅಸೋಸಿಯೇಷನ್ ಹೂಡಿದ ಮೊಕದ್ದಮೆಯಲ್ಲಿ ಪೂರ್ವ ಟೆಕ್ಸಾಸ್‌ನ ಒಕ್ಕೂಟ ನ್ಯಾಯಾಲಯ 2022ರ ಫೆಬ್ರವರಿಯಲ್ಲಿ ತಳ್ಳಿಹಾಕಿತು. ಹಾಗಾಗಿ ವೈದ್ಯರ ಅನುಭವ, ಪ್ರಕರಣದ ಜಟಿಲತೆ ಇವಕ್ಕೂ ಬೆಲೆಯಿದೆ, ಆದರೆ ಅವನ್ನು ದಾಖಲೆಗಳಿಂದ ತೋರಿಸಬೇಕು.

ನನ್ನ ಸಲಹೆ ಇನ್ನೂ ನೇರವಾದದ್ದು. ಪದೇ ಪದೇ ನಿಮ್ಮಲ್ಲಿಗೆ ಬರುವ ರೋಗಿಗಳ ವಿಮಾ ಕಂಪನಿಗಳು ಯಾವುವೆಂದು ನೋಡಿ, ಅವುಗಳೊಂದಿಗೆ ಒಪ್ಪಂದಕ್ಕೆ ಕುಳಿತುಕೊಳ್ಳಿ. ಒಪ್ಪಿಗೆ ಪತ್ರವನ್ನು, ರೋಗಿ ಎಲ್ಲವನ್ನೂ ತಿಳಿದು ನಿಮ್ಮ ವೈದ್ಯರನ್ನೇ ಬಯಸಿ ಬಂದ ಅಪರೂಪದ ಸಂದರ್ಭಕ್ಕೆ ಮೀಸಲಿಡಿ. ನೋವಿನಲ್ಲಿರುವ ಮನುಷ್ಯ ಮುಂದಿಟ್ಟ ಯಾವ ಹಾಳೆಗಾದರೂ ಸಹಿ ಹಾಕುತ್ತಾನೆ, ಅದನ್ನು ನಾವು ಒಪ್ಪಿಗೆ ಎಂದು ಕರೆಯಬಾರದು.

ತುಂಗಾತೀರ:

ಮೂವರಿಗೂ ಹೃತ್ಪೂರ್ವಕ ವಂದನೆಗಳು. ಎರಡು ಪ್ರಶ್ನೆ ಉಳಿದಿವೆ. ಹಳೆಯ ಹಾಳೆಯನ್ನು ನಂಬಿ ಕಳೆದ ವಾರಗಳಲ್ಲಿ ಕೆಲವರಿಂದ ಹೆಚ್ಚಿನ ಹಣ ಪಡೆದಿರುವುದು ಕಾಣುತ್ತಿದೆ, ಅದಕ್ಕೇನು ಮಾಡಬೇಕು? ಗ್ರೀನ್ ಕಾರ್ಡ್ ಪಡೆದು ಇಲ್ಲಿನ ವಿಮೆಯನ್ನೇ ಕೊಂಡಿರುವ, ಕನ್ನಡ ಮಾತ್ರ ಬಲ್ಲ ಹಿರಿಯರಿಗೆ ಈ ಸೂಚನೆಯನ್ನು ಮಗನೋ ಮಗಳೋ ಓದಿ ಹೇಳಿದರೆ ಸಾಕಾಗುತ್ತದೆಯೇ?

ನೇಸರ:

ಹಣವನ್ನು ತಡಮಾಡದೆ ಮರಳಿಸಿ. ಉಲ್ಲಂಘನೆಗೆ ಕಾಯ್ದೆಯಲ್ಲಿ ಪ್ರತಿ ಪ್ರಕರಣಕ್ಕೆ 10,000 ಡಾಲರ್‌ವರೆಗೆ ದಂಡವಿದೆ. ಆದರೆ ಕ್ಲಿನಿಕ್ ತಿಳಿದೂ ತಿಳಿದೂ ಮಾಡದ, ಸಹಜವಾಗಿ ತಿಳಿದಿರಬೇಕಿತ್ತು ಎಂದೂ ಹೇಳಲಾಗದ ತಪ್ಪಿನಲ್ಲಿ, 30 ದಿನಗಳೊಳಗೆ ಬಿಲ್ ಹಿಂತೆಗೆದುಕೊಂಡು ಹೆಚ್ಚುವರಿ ಮೊತ್ತವನ್ನು ಬಡ್ಡಿಸಹಿತ ಹಿಂದಿರುಗಿಸಿದರೆ ದಂಡವನ್ನು ಮನ್ನಾ ಮಾಡಲು ಅವಕಾಶವಿದೆ. 30 ದಿನ ದಾಟಿದವುಗಳಿಗೂ ಹಣ ಮರಳಿಸುವುದೇ ಸರಿ. ಅವುಗಳ ಬಗ್ಗೆ ಆರೋಗ್ಯ ಕ್ಷೇತ್ರದ ವಕೀಲರೊಬ್ಬರ ಸಲಹೆಯನ್ನೂ ಪಡೆಯಿರಿ.

ಭಾಷೆಯ ವಿಷಯದಲ್ಲಿ ಮಕ್ಕಳನ್ನು ನೆಚ್ಚಿಕೊಳ್ಳಬೇಡಿ. ಸೂಚನೆಯು ಆ ರಾಜ್ಯದ ಅಥವಾ ಪ್ರದೇಶದ ಅತಿ ಹೆಚ್ಚು ಬಳಕೆಯ 15 ಭಾಷೆಗಳಲ್ಲಿ ದೊರೆಯಬೇಕು; ರೋಗಿಯ ಭಾಷೆ ಆ ಪಟ್ಟಿಯಲ್ಲಿಲ್ಲದಿದ್ದರೆ, ಅವರಿಗೆ ಕೊಟ್ಟ ಭಾಷೆ ಅರ್ಥವಾಗದಿದ್ದರೆ, ಅರ್ಹ ದುಭಾಷಿಯನ್ನು ಒದಗಿಸುವುದು ಕ್ಲಿನಿಕ್ಕಿನ ಹೊಣೆ. ಫೋನ್ ಮೂಲಕ ದುಭಾಷಿ ಸೇವೆ ಕೊಡುವ ಸಂಸ್ಥೆಗಳಲ್ಲಿ ಕನ್ನಡ ಸಿಗುತ್ತದೆಯೇ ಎಂದು ಒಪ್ಪಂದ ಮಾಡಿಕೊಳ್ಳುವ ಮೊದಲೇ ಕೇಳಿ. ಆ ಕರೆಯ ದಿನ, ಸಮಯ ಮತ್ತು ದುಭಾಷಿಯ ಗುರುತಿನ ಸಂಖ್ಯೆಯನ್ನು ಒಪ್ಪಿಗೆ ಪತ್ರದ ಜೊತೆಗೇ ದಾಖಲಿಸಿಡಿ.